ಬುಧವಾರ ರಾತ್ರಿಯ ದನಿ

ವಾರದ ಏಳು ದಿನಗಳಲ್ಲಿ ಬುಧವಾರಕ್ಕೆ ನಮ್ಮ ಕಡೆ ಹೇಳಿಕೊಳ್ಳುವಂಥ ಮರ್ಯಾದೆ ಇರಲಿಲ್ಲ. ಸೋಮವಾರ ಶಿವನದು. ಗುರುವಾರ ದರ್ಗಾದ ಪೀರನಿಗೂ ಮಠದ ಸ್ವಾಮಿಗೂ ಸಮಪಾಲು. ಶುಕ್ರವಾರ ಒಂದು ಕಡೆ ಜುಮ್ಮಾ ನಮಾಜು, ಇನ್ನೊಂದು ಕಡೆ ದೇವಿಗೆ ಉಡಿ. ಶನಿವಾರ ಹನುಮಪ್ಪನದು. ಬುಧವಾರ ಮಾತ್ರ ವಾರಸುದಾರರಿಲ್ಲದ ಹೊಲದ ಹಾಗೆ ಬೀಳು ಬಿದ್ದಿತ್ತು. ೧೯೫೨ರ ಡಿಸೆಂಬರ್ ೩, ಬುಧವಾರ, ಆ ಹೊಲಕ್ಕೊಬ್ಬ ಯಜಮಾನ ಬಂದ. ಅವನಿಗಾಗ ಇನ್ನೂ ಇಪ್ಪತ್ತು ತುಂಬಿರಲಿಲ್ಲ. ಅವನಿದ್ದದ್ದು ಮುಂಬಯಿಯಲ್ಲಿ, ಅವನ ದನಿ ಹೊರಟದ್ದು ಕೊಲಂಬೋದಿಂದ, ಅದು ಬಂದಿಳಿದ ನೂರಾರು ಊರುಗಳಲ್ಲಿ ನಮ್ಮ ಸುರಪುರವೂ ಒಂದು.

ಆ ಯಜಮಾನ ಅಮೀನ್ ಸಯಾನಿ. ೨೦೨೪ರ ಫೆಬ್ರುವರಿ ೨೦ರಂದು, ತೊಂಬತ್ತೊಂದು ವರ್ಷದವರಾಗಿ, ಅವರು ಮುಂಬಯಿಯಲ್ಲಿ ತೀರಿಕೊಂಡಾಗ ಪತ್ರಿಕೆಗಳು ಅವರ ಕಂಠವನ್ನು ಹೊಗಳಿದವು, 'ಬಿನಾಕಾ ಗೀತಮಾಲಾ'ವನ್ನು ನೆನೆದವು. ದನಿ ಹೊರಟ ಊರಿನ ಸಂಗತಿಯನ್ನು ಅವರೆಲ್ಲ ಬರೆದರು. ಅದು ಬಂದು ಮುಟ್ಟಿದ ಊರುಗಳ ಸಂಗತಿ ನನ್ನಂಥವರ ಪಾಲಿಗೆ ಉಳಿದಿದೆ. ಅದನ್ನು ಬರೆಯಲು ಹೊರಟರೆ ಸಯಾನಿಯವರ ಜೊತೆಗೆ ನಮ್ಮ ತಂದೆಯ ಮಾತೂ ಬರುತ್ತದೆ. ವಾಚಕರು ಅದನ್ನು ಸಹಿಸಿಕೊಳ್ಳಬೇಕು.

ದೂರದ ಊರಿನವರಿಗಾಗಿ ಮೊದಲು ನಾಲ್ಕು ಮಾತು. ಮುಂಬಯಿ-ಮದರಾಸು ರೈಲುಹಾದಿಯಲ್ಲಿ ವಾಡಿ ದಾಟಿ ರಾಯಚೂರಿನ ಕಡೆ ಹೊರಟರೆ ನಡುವೆ, ಭೀಮಾ ನದಿಗೆ ಸಮೀಪವಾಗಿ, ಯಾದಗಿರಿ ಸಿಕ್ಕುತ್ತದೆ. ಅಲ್ಲಿಳಿದು ಬಸ್ಸು ಹತ್ತಿ ಹೊಳೆ ದಾಟಿ ಪಶ್ಚಿಮಕ್ಕೆ ಹೋದರೆ ಶಹಾಪುರ. ಅಲ್ಲಿಯ ಗುಡ್ಡದ ಸಾಲು ಮಲಗಿದ ಬುದ್ಧನಂತೆ ಕಾಣುತ್ತದೆಂದು ಈಗ ಪ್ರವಾಸಿಗರು ಚಿತ್ರ ತೆಗೆಯುತ್ತಾರೆ. ನಾವು ಚಿಕ್ಕವರಿದ್ದಾಗ ಅದು ಬರೀ ಗುಡ್ಡವಾಗಿತ್ತು. ಇನ್ನೂ ಮುಂದೆ, ಬಂಡೆಗಳ ನಡುವೆ, ಬೇಡ ನಾಯಕರ ಸಂಸ್ಥಾನದ ಸುರಪುರ. ೧೮೫೭-೫೮ರ ದಂಗೆಯಲ್ಲಿ ಎದ್ದು ನಿಂತ ರಾಜಾ ವೆಂಕಟಪ್ಪ ನಾಯಕನ ಊರು. ಅವನನ್ನು ಬಾಲ್ಯದಿಂದ ನೋಡಿಕೊಂಡ ಮೆಡೋಸ್ ಟೇಲರ್ ಸಾಹೇಬ ಕಟ್ಟಿಸಿದ ಬಂಗಲೆ ಇರುವ ಊರು. ೨೦೦೯ರ ಕೊನೆಯಲ್ಲಿ ಈ ಮೂರು ತಾಲ್ಲೂಕುಗಳು ಗುಲ್ಬರ್ಗಾದಿಂದ ಬೇರೆಯಾಗಿ ಯಾದಗಿರಿ ಜಿಲ್ಲೆಯಾದವು. ನಾನು ಹೇಳುವ ಕತೆ ಶುರುವಾಗುವಾಗ ಅವು ಗುಲ್ಬರ್ಗಾ ಜಿಲ್ಲೆಯೊಳಗೆ, ಗುಲ್ಬರ್ಗಾ ಹೈದರಾಬಾದ್ ರಾಜ್ಯದೊಳಗೆ ಇದ್ದವು. ರೈಲು ಯಾದಗಿರಿಗೆ ಮಾತ್ರ. ಉಳಿದೆರಡು ಊರುಗಳಿಗೆ ಲೋಕವೆಂಬುದು ಬಸ್ಸಿನ ಟಪ್ಪಿನ ಮೇಲೆ ಕೂತು ಬರುತ್ತಿತ್ತು.

ನಮ್ಮ ತಂದೆ ಒಂದು ಸರ್ಕಾರಿ ದಫ್ತರದಲ್ಲಿ ಗುಮಾಸ್ತರು. ಕನ್ನಡವನ್ನು ಮನೆಯಲ್ಲಿ ಆಡುತ್ತಿದ್ದರು, ವಚನಗಳನ್ನು ಬಾಯಿಪಾಠ ಹೇಳುತ್ತಿದ್ದರು. ಆದರೆ ಬರೆಯಲು ಕುಳಿತರೆ ಅವರ ಕೈ ಬಲದಿಂದ ಎಡಕ್ಕೆ ಹರಿಯುತ್ತಿತ್ತು. ಅದು ಅವರೊಬ್ಬರ ವಿಚಿತ್ರವಲ್ಲ. ನಿಜಾಮರ ರಾಜ್ಯದಲ್ಲಿ ಪ್ರಜೆಗಳು ಆಡುವುದು ತೆಲುಗು, ಮರಾಠಿ, ಕನ್ನಡ. ಕೋರ್ಟು ಕಚೇರಿಗಳು ನಡೆಯುವುದು ಉರ್ದುವಿನಲ್ಲಿ. ಮೇಲಿನ ತರಗತಿಗಳ ವಿದ್ಯೆಯೂ ಉರ್ದುವಿನಲ್ಲೇ. ೧೯೧೮ರಲ್ಲಿ ಸ್ಥಾಪನೆಯಾದ ಉಸ್ಮಾನಿಯಾ ವಿಶ್ವವಿದ್ಯಾನಿಲಯ ವೈದ್ಯಶಾಸ್ತ್ರದವರೆಗೆ ಎಲ್ಲವನ್ನೂ ಆ ಭಾಷೆಯಲ್ಲಿ ಕಲಿಸಿ ಲೋಕಕ್ಕೆ ಬೆರಗು ಹುಟ್ಟಿಸಿತು. ಭಾರತೀಯ ಭಾಷೆಯೊಂದರಲ್ಲಿ ಉನ್ನತ ವ್ಯಾಸಂಗವೆಂಬುದು ದೊಡ್ಡ ಸಾಹಸ, ನಿಜ. ಆದರೆ ಸುರಪುರದ ಕಡೆಯ ಒಕ್ಕಲಿಗನಿಗೆ ಆ ಸಾಹಸ ತಲುಪುತ್ತಿದ್ದುದು ತನಗೆ ಓದಲು ಬಾರದ ನೋಟೀಸಿನ ರೂಪದಲ್ಲಿ. ಅದನ್ನು ಓದಿಸಿಕೊಳ್ಳಲು ಪಟವಾರಿಯ ಮುಂದೆ ಕೈಕಟ್ಟಿ ನಿಲ್ಲಬೇಕು. ಹೀಗಾಗಿ ಉರ್ದುವೆಂದರೆ ಗೌರವ, ಗೌರವವೆಂದರೆ ಭಯ.

೧೯೪೮ರಲ್ಲಿ ಆ ಭಯ ಬೇರೆಯೇ ರೂಪ ತಾಳಿತು. ರಜಾಕಾರರ ಹಾವಳಿಯಲ್ಲಿ ಹಿಂದೂಗಳು ಊರು ಬಿಟ್ಟು ಗಡಿಯಾಚೆ ಓಡಿದರು. ಸೆಪ್ಟೆಂಬರಿನ ಪೊಲೀಸ್ ಕಾರ್ಯಾಚರಣೆ ಮುಗಿದ ಬೆನ್ನಿಗೆ ಮುಸಲ್ಮಾನರು ಅದೇ ಬಗೆಯ ಸಂಕಟವನ್ನು ಉಂಡರು. ಎರಡೂ ಕಡೆಯ ಮನೆಗಳಲ್ಲಿ ಹೇಳದೆ ಉಳಿದ ಸಂಗತಿಗಳಿದ್ದವು. ೧೯೫೬ರ ನವೆಂಬರ್ ೧ರಂದು ಗುಲ್ಬರ್ಗಾ, ರಾಯಚೂರು, ಬೀದರ ಮೈಸೂರು ರಾಜ್ಯಕ್ಕೆ ಸೇರಿದವು. ಅದು ಸಂತೋಷದ ದಿನ. ನಮ್ಮ ತಂದೆಯೂ ಅಂದು ಸಂತೋಷಪಟ್ಟವರೇ. ಆದರೆ ಅವರಿಗಿದ್ದ ಒಂದೇ ಆಸ್ತಿ ಅವರ ಉರ್ದು ಅಕ್ಷರ. ಅದು ಆಮೇಲೆ ಚಲಾವಣೆ ತಪ್ಪಿದ ಹಾಲಿ ಸಿಕ್ಕಾದಂತಾಯಿತು. ಹೊಸದಾಗಿ ಬಂದ ಮೇಲಧಿಕಾರಿಯೊಬ್ಬರು ಎಲ್ಲರೆದುರು ಅವರ ಕಾಗದವನ್ನು ಎತ್ತಿ ಹಿಡಿದು, "ಇದೇನ್ರೀ ಇದು, ಇರುವೆ ಹರಿದ ಹಾಗಿದೆ! ಕನ್ನಡದಲ್ಲಿ ಬರೆದು ತನ್ನಿ" ಎಂದರಂತೆ. ನಲವತ್ತರ ಹತ್ತಿರದ ಮನುಷ್ಯ ನನ್ನ ಪಕ್ಕದಲ್ಲಿ ಕೂತು, ನನ್ನ ಪಾಟಿಯ ಮೇಲೆ ಒತ್ತಕ್ಷರ ತಿದ್ದಿದ್ದನ್ನು ನಾನು ಕಂಡಿದ್ದೇನೆ. ಅಂದಿನಿಂದ ಅವರ ಬಾಯಿಂದ ಉರ್ದು ಮಾತು ಬರುವುದು ನಿಂತುಹೋಯಿತು, ಬುಧವಾರ ಒಂದನ್ನು ಬಿಟ್ಟು.

ಬುಧವಾರ ಸಂಜೆ ಅವರು ಊಟವನ್ನು ಬೇಗ ಮುಗಿಸಿ, ಟೋಪಿ ಹಾಕಿಕೊಂಡು, ಬಜಾರಿನ ಜವಳಿ ಅಂಗಡಿಗೆ ನಡೆಯುತ್ತಿದ್ದರು. ಅಂಗಡಿಯ ಸಾಹುಕಾರರು ಯಾದಗಿರಿಯಿಂದ ರೇಡಿಯೋ ತರಿಸಿದ್ದರು. ಅಕ್ಕಿಮೂಟೆಯಷ್ಟು ಗಾಂಭೀರ್ಯದಿಂದ ಕೂತ ವಾಲ್ವಿನ ಪೆಟ್ಟಿಗೆ ಅದು. ಪಕ್ಕದಲ್ಲಿ ಅದರಷ್ಟೇ ಭಾರದ ಬ್ಯಾಟರಿ. ಮಾಳಿಗೆಯ ಮೇಲೆ ಎರಡು ಗಳ ನೆಟ್ಟು ಬಿಗಿದ ತಾಮ್ರದ ಏರಿಯಲ್. ಬ್ಯಾಟರಿಯ ಖರ್ಚಿಗೆ ಐದಾರು ಮಂದಿ ಖಾಯಂ ಕೇಳುಗರು ವರ್ಗಣಿ ಹಾಕುತ್ತಿದ್ದರು. ಒಬ್ಬ ಹಕೀಮರು, ಒಬ್ಬ ಶಾಲೆಯ ಮಾಸ್ತರು, ಎಣ್ಣೆಯ ವ್ಯಾಪಾರದವರೊಬ್ಬರು, ನಮ್ಮ ತಂದೆ. ಎಂಟು ಗಂಟೆಗೆ ಐದು ನಿಮಿಷ ಇರುವಾಗ ಸಾಹುಕಾರರು ಕೈ ಒರೆಸಿಕೊಂಡು ಮುಳ್ಳನ್ನು ನಲವತ್ತೊಂದು ಮೀಟರಿನ ಕಡೆಗೆ ತಿರುಗಿಸುವರು. ಕಡಲ ಮೊರೆತ, ಕುದಿಯುವ ಎಣ್ಣೆ, ಯಾವುದೋ ದೇಶದ ಪಿಸುಮಾತು. ನಡುವೆ ಒಂದು ಕ್ಷಣ ಪಿಟೀಲು. "ಸಾವ್ಕಾರ್ರ, ಒಂದು ಕೂದಲೆಳೀಯಷ್ಟು ಎಡಕ್ಕ ಸರಸ್ರಿ" ಎಂದು ಮಾಸ್ತರು. ಸರಿಸಿದ ಕೂಡಲೇ ಆ ದನಿ: "ಬೆಹನೋ ಔರ್ ಭಾಯಿಯೋ!"

ಅಕ್ಕತಂಗಿಯರು ಮೊದಲು, ಅಣ್ಣತಮ್ಮಂದಿರು ಆಮೇಲೆ. ಭಾಷಣಕಾರರೆಲ್ಲ ಗಂಡಸರನ್ನು ಮುಂದಿಟ್ಟು ಕರೆಯುತ್ತಿದ್ದ ಕಾಲದಲ್ಲಿ ಸಯಾನಿಯವರು ಈ ಕ್ರಮವನ್ನು ತಿರುವಿಹಾಕಿದ್ದರು. ಮಾಳಿಗೆಯ ಮೇಲೆ ಕತ್ತಲಲ್ಲಿ ಕೂತು ಕೇಳುತ್ತಿದ್ದ ಸಾಹುಕಾರರ ಹೆಂಡತಿ ಒಮ್ಮೆ ನಮ್ಮ ಅವ್ವನಿಗೆ ಹೇಳಿದ್ದರಂತೆ: "ಯಾರವ ಏನೋ, ನಮ್ಮವ್ವನ ಮಗನಂಗ ಮೊದಲ ನಮ್ಮನ್ನ ಕರೀತಾನ."

ಮೊದಲ ಸಲ ನಾನು ತಂದೆಯ ಬೆನ್ನು ಹತ್ತಿ ಹೋದಾಗ ನನಗೆ ಎಂಟೋ ಒಂಬತ್ತೋ ವಯಸ್ಸು. ಹಾಡು ತಿಳಿಯಿತು, ಮಾತು ಅರ್ಧ ತಿಳಿಯಿತು. ದಾರಿಯಲ್ಲಿ ಕೇಳಿದೆ: "ಅಪ್ಪಾ, ಅದು ಯಾವ ಭಾಷಾ?"

"ನಮ್ಮ ದಫ್ತರದ ಭಾಷಾನ, ತಮ್ಮಾ."

ನಾಲ್ಕು ಹೆಜ್ಜೆ ನಡೆದ ಮೇಲೆ ಅವರೇ ಸೇರಿಸಿದರು: "ಆದರ ದಫ್ತರದಾಗ ಹಿಂಗ ಯಾರೂ ಮಾತಾಡ್ತಿದ್ದಿಲ್ಲ."

ಸಯಾನಿಯವರ ಚರಿತ್ರೆಯಲ್ಲಿ ನಾನು ಆಮೇಲೆ ಓದಿದ್ದೆಲ್ಲ ಈ ಎರಡು ಮಾತಿಗೆ ಬರೆದ ಟೀಕೆಯಂತೆ ನನಗೆ ತೋರಿದೆ. ದಫ್ತರದ ಭಾಷೆಯೊಂದು ಹೇಗೆ ಆ ಬಾಯಲ್ಲಿ ಮನೆಯ ಭಾಷೆಯಾಯಿತು? ಅವರು ೧೯೩೨ರ ಡಿಸೆಂಬರ್ ೨೧ರಂದು ಮುಂಬಯಿಯಲ್ಲಿ ಹುಟ್ಟಿದರು. ತಂದೆ ವೈದ್ಯರು. ತಾಯಿ ಕುಲ್ಸುಮ್ ಸಯಾನಿ ವಯಸ್ಕರ ಶಿಕ್ಷಣಕ್ಕೆ ಆಯುಷ್ಯ ಕೊಟ್ಟವರು. ಗಾಂಧೀಜಿಯ ಪ್ರೇರಣೆಯಿಂದ 'ರಹಬರ್' ಎಂಬ ಪತ್ರಿಕೆಯನ್ನು ನಡೆಸಿದರು. ಆಗತಾನೆ ಅಕ್ಷರ ಕಲಿತವರಿಗಾಗಿ ಮಾಡಿದ ಪತ್ರಿಕೆ ಅದು. ಲಿಪಿ ಮೂರು: ನಾಗರಿ, ಉರ್ದು, ಗುಜರಾತಿ. ಭಾಷೆ ಒಂದೇ, ಸರಳ ಹಿಂದೂಸ್ತಾನಿ. ಹುಡುಗ ಅಮೀನ್ ಆ ಪತ್ರಿಕೆಯ ಕೆಲಸದಲ್ಲಿ ತಾಯಿಗೆ ಕೈಗೂಡಿಸುತ್ತ ಬೆಳೆದ. ಹೊಸದಾಗಿ ಓದುವವನಿಗೆ ಎಡವದಂಥ ಮಾತನ್ನು ಹುಡುಕುವುದು ಹೇಗೆಂಬುದನ್ನು ಅಲ್ಲಿ ಕಲಿತ. ನಮ್ಮ ತಂದೆಗೆ ಇದು ಗೊತ್ತಿರಲಿಲ್ಲ, ಗೊತ್ತಿದ್ದರೆ ಹಿಗ್ಗುತ್ತಿದ್ದರು.

ಇನ್ನೊಂದು ಸ್ವಾರಸ್ಯ. ಈ ಮಹಾ ಹಿಂದಿ ನಿರೂಪಕ ಬಾನುಲಿಗೆ ಬಂದದ್ದು ಇಂಗ್ಲಿಷಿನ ಬಾಗಿಲಿನಿಂದ. ಅಣ್ಣ ಹಮೀದ್ ಸಯಾನಿ ಆಗಲೇ ಇಂಗ್ಲಿಷ್ ಪ್ರಸಾರದಲ್ಲಿ ಹೆಸರಾದವರು. ಅವರ ಕೈಹಿಡಿದು ಅಮೀನ್ ಮುಂಬಯಿ ನಿಲಯದಲ್ಲಿ ಬಾಲಕನಾಗಿ ಇಂಗ್ಲಿಷ್ ಕಾರ್ಯಕ್ರಮಗಳಲ್ಲಿ ಮಾತನಾಡಿದ. ಹಿಂದಿಗೆ ಪ್ರಯತ್ನಿಸಿದಾಗ, ಉಚ್ಚಾರದಲ್ಲಿ ಗುಜರಾತಿಯ ಮತ್ತು ಇಂಗ್ಲಿಷಿನ ಛಾಯೆಯಿದೆಯೆಂದು ಆಕಾಶವಾಣಿಯವರು ಬೇಡವೆಂದರು. ಸೇಂಟ್ ಝೇವಿಯರ್ಸ್ ಕಾಲೇಜಿನಲ್ಲಿ ಓದುತ್ತಿದ್ದಾಗ, ಸಿಲೋನಿಗೆ ಹೋಗಬೇಕಾದ ಕಾರ್ಯಕ್ರಮವೊಂದರ ಧ್ವನಿಮುದ್ರಣವನ್ನು ನೋಡುತ್ತ ಕೂತಿದ್ದವರು, ಜಾಹೀರಾತು ಓದಬೇಕಾದವ ಬಾರದೆ ಹೋದ ದಿನ ತಾವು ಓದಿಕೊಟ್ಟರು. ಸಂಬಳ? ವಾರಕ್ಕೊಂದು ಓವಲ್ಟಿನ್ ಡಬ್ಬಿ!

ಸಿಲೋನಿನ ಮಾತು ಬಂತು. ಮುಂಬಯಿಯ ಹಾಡು ಲಂಕೆಯ ಮೂಲಕ ಸುರಪುರಕ್ಕೆ ಬರಬೇಕಾದ ಪ್ರಸಂಗವೇನು? ಎರಡನೆಯ ಮಹಾಯುದ್ಧದಲ್ಲಿ ಆಗ್ನೇಯ ಏಷ್ಯಾದ ಮಿತ್ರಸೈನ್ಯಕ್ಕೆ ಸುದ್ದಿ ಸಂಗೀತ ಕೇಳಿಸಲು ಬ್ರಿಟಿಷರು ಕೊಲಂಬೋದಲ್ಲಿ ಬಲವಾದ ಪ್ರಸಾರಯಂತ್ರವನ್ನು ನಿಲ್ಲಿಸಿದ್ದರು. ಯುದ್ಧ ಮುಗಿಯಿತು, ಯಂತ್ರ ಸಿಲೋನ್ ಸರ್ಕಾರದ ಪಾಲಾಯಿತು, ಅವರು ೧೯೫೦ರಲ್ಲಿ ಅದನ್ನು ವಾಣಿಜ್ಯ ಪ್ರಸಾರಕ್ಕೆ ಹಚ್ಚಿದರು. ಇತ್ತ ದೆಹಲಿಯಲ್ಲಿ ೧೯೫೨ರಲ್ಲಿ ಡಾ. ಬಿ. ವಿ. ಕೇಸ್ಕರ್ ಪ್ರಸಾರ ಮಂತ್ರಿಗಳಾದರು. ಶಾಸ್ತ್ರೀಯ ಸಂಗೀತದ ಭಕ್ತರು. ಸಿನಿಮಾ ಹಾಡು ದೇಶದ ಕಿವಿಯನ್ನು ಕೆಡಿಸುತ್ತಿದೆಯೆಂದು ಅವರ ದೃಢ ನಂಬಿಕೆ. ಆಕಾಶವಾಣಿ ಚಿತ್ರಗೀತೆಯ ಪಾಲನ್ನು ಕತ್ತರಿಸಿತು. ಚಿತ್ರದ ಹೆಸರು ಹೇಳಿದರೆ ಅದು ಜಾಹೀರಾತಾದೀತೆಂದು ಅದನ್ನೂ ಬಿಟ್ಟಿತು. ನಿರ್ಮಾಪಕರು ಸಿಟ್ಟಾಗಿ ಹಾಡುಗಳ ಪರವಾನಗಿಯನ್ನು ಹಿಂದಕ್ಕೆ ಪಡೆದರು. ದೇಶ ಮುಳ್ಳನ್ನು ಸಿಲೋನಿಗೆ ತಿರುಗಿಸಿತು.

ಡಾ. ಕೇಸ್ಕರ್ ಅವರನ್ನು ಗೇಲಿ ಮಾಡುವುದು ಇಂದು ಸುಲಭ. ನನಗೆ ಅಷ್ಟು ಧೈರ್ಯವಿಲ್ಲ. ಅದೇ ೧೯೫೨ರಲ್ಲಿ ಶುರುವಾದ ಶನಿವಾರ ರಾತ್ರಿಯ ರಾಷ್ಟ್ರೀಯ ಸಂಗೀತ ಸಭೆಯಿಂದ, ಟಿಕೆಟು ಕೊಳ್ಳಲಾರದ ಎಷ್ಟು ಲಕ್ಷ ಮಂದಿ ದೊಡ್ಡ ಗಾಯಕರನ್ನು ಕೇಳಿದರೋ! ನಮ್ಮ ಅಂಗಡಿಯ ಹಕೀಮರು ಶನಿವಾರವೂ ಬರುತ್ತಿದ್ದರು. ಕಣ್ಣು ಮುಚ್ಚಿ ಕೇಳುತ್ತಿದ್ದರು. ಮಂತ್ರಿಗಳ ತಪ್ಪು ಒಳ್ಳೆಯದನ್ನು ಬಡಿಸಿದ್ದರಲ್ಲಿ ಇರಲಿಲ್ಲ. ಬೇರೆಯವರ ಎಲೆಯಿಂದ ಎತ್ತಿದ್ದರಲ್ಲಿತ್ತು.

ಬಿನಾಕಾ ದಂತಲೇಪದ ಕಂಪನಿ ಸಿಲೋನಿನಲ್ಲಿ ಪಾಶ್ಚಾತ್ಯ ಗೀತೆಗಳ 'ಹಿಟ್ ಪರೇಡ್' ಒಂದನ್ನು ಆಗಲೇ ನಡೆಸುತ್ತಿತ್ತು. ಹಿಂದಿಯಲ್ಲೂ ಅಂಥದೊಂದು ಆಗಲೆಂದು ಬಯಸಿತು. ಬರೆಯುವುದು, ಓದುವುದು, ಪತ್ರ ಎಣಿಸುವುದು ಎಲ್ಲಕ್ಕೂ ಸೇರಿ ವಾರಕ್ಕೆ ೨೫ ರೂಪಾಯಿ. ಪಳಗಿದವರು ಒಲ್ಲೆಂದರು; ಅಮೀನ್ ಒಪ್ಪಿದ. ಏಳು ಹಾಡುಗಳನ್ನು ಕ್ರಮ ತಪ್ಪಿಸಿ ಹಾಕುವುದು. ಸರಿಯಾದ ಕ್ರಮ ಬರೆದು ಕಳಿಸಿದವರಿಗೆ ನೂರು ರೂಪಾಯಿ ಬಹುಮಾನ. ಮೊದಲ ಪ್ರಸಾರಕ್ಕೇ ಒಂಬತ್ತು ಸಾವಿರ ಪತ್ರ ಬಂದವು. ಮುಂದೆ ವಾರಕ್ಕೆ ಅರವತ್ತೈದು ಸಾವಿರದವರೆಗೆ ಏರಿದವು. ಎಣಿಸುವವರ ಗತಿ ಏನಾಗಬೇಡ! ಕಡೆಗೆ ಸ್ಪರ್ಧೆಯನ್ನು ಬಿಟ್ಟು, ತಟ್ಟೆಗಳ ಮಾರಾಟ ಮತ್ತು ಶ್ರೋತೃಸಂಘಗಳ ಅಭಿಪ್ರಾಯದ ಮೇಲೆ ಹಾಡುಗಳಿಗೆ ಸ್ಥಾನ ಕೊಡುವ ಪದ್ಧತಿ ಬಂತು. ೧೯೫೩ರ ವರ್ಷಾಂತ್ಯದ ಪಟ್ಟಿಯಲ್ಲಿ 'ಅನಾರ್ಕಲಿ'ಯ ಹಾಡು ಎಲ್ಲಕ್ಕೂ ಮೇಲೆ ನಿಂತಿತು.

ಆ ನೂರು ರೂಪಾಯಿಗೆ ಆಸೆಪಟ್ಟವರಲ್ಲಿ ಯಾದಗಿರಿಯ ನಮ್ಮ ಸೋದರಮಾವನೂ ಒಬ್ಬ. ಸ್ಟೇಷನ್ನಿನ ಬದಿಯಲ್ಲಿ ಅವನ ಮನೆ. ನಮ್ಮ ಕಡೆ ಇನ್ನೂ ಹಾಲಿ ಸಿಕ್ಕಾದ ಲೆಕ್ಕ ಬಾಯಲ್ಲಿದ್ದ ಕಾಲ. ಆರು ಕಲ್ದಾರಿಗೆ ಏಳು ಹಾಲಿ. ನೂರು ಕಲ್ದಾರೆಂದರೆ ನೂರಾ ಹದಿನಾರು ಹಾಲಿಗೂ ಮೇಲೆ ಎಂದು ಆತ ಮೊದಲೇ ಲೆಕ್ಕ ಹಾಕಿ, ಯಾವ ಎತ್ತು ಕೊಳ್ಳಬೇಕೆಂಬುದನ್ನೂ ಗೊತ್ತುಮಾಡಿದ್ದನಂತೆ. ಎತ್ತು ಬರಲಿಲ್ಲ. ಆದರೆ ಕಾರ್ಡು ಹಾಕುವ ಚಟ ಉಳಿಯಿತು. ಆ ಕಾರ್ಡಿನ ದಾರಿಯನ್ನು ನೆನೆದರೆ ನನಗೆ ಇಂದಿಗೂ ಸೋಜಿಗ. ಸಯಾನಿಯವರ ಮಾತು ಮುಂಬಯಿಯಲ್ಲಿ ಮುದ್ರಣವಾಗಿ, ವಿಮಾನದಲ್ಲಿ ಕೊಲಂಬೋಗೆ ಹೋಗಿ, ಅಲ್ಲಿಂದ ಗಾಳಿಯ ಮೇಲೇರಿ ನಮ್ಮ ಬಜಾರಿಗೆ ಬರುವುದು. ನಮ್ಮ ಉತ್ತರ ಸುರಪುರದಿಂದ ಬಸ್ಸಿನಲ್ಲಿ ಶಹಾಪುರ; ಅಲ್ಲಿ ಚಾಲಕ ಚಹಾ ಕುಡಿಯುವವರೆಗೆ ಕಾದು, ಭೀಮೆ ದಾಟಿ ಯಾದಗಿರಿ; ಯಾದಗಿರಿಯಿಂದ ರೈಲು ಹತ್ತಿ ನೆಟ್ಟಗೆ ಮುಂಬಯಿ. ಆಗ ಬಿಹಾರದಲ್ಲಿದ್ದ ಝುಮ್ರಿ ತಲೈಯಾ ಎಂಬ ಗಣಿಯೂರು ಇಂಥ ಕಾರ್ಡುಗಳಿಂದಲೇ ದೇಶಪ್ರಸಿದ್ಧವಾಯಿತು. ನಮ್ಮ ಊರುಗಳಿಗೆ ಆ ಕೀರ್ತಿ ಬರಲಿಲ್ಲ. ಅಂಚೆಯವನಿಗೆ ಕೆಲಸವಂತೂ ಬಂತು.

೧೯೫೭ರಲ್ಲಿ ಬಂದ 'ಆಶಾ' ಚಿತ್ರದ, ಸಿ. ರಾಮಚಂದ್ರರ ಸಂಯೋಜನೆಯ, ಅರ್ಥವಿಲ್ಲದ ಪದಗಳನ್ನು ಕುಣಿಸುವ ಹಾಡೊಂದು ರೇಡಿಯೋದಲ್ಲಿ ಬಂದಾಗ ಅಂಗಡಿಯ ಕಟ್ಟೆಯ ಮೇಲೆ ದೊಡ್ಡ ಜಿಜ್ಞಾಸೆ ನಡೆದದ್ದು ನೆನಪಿದೆ. ಇದು ಅಮೆರಿಕದ 'ರಾಕ್ ಅಂಡ್ ರೋಲ್' ಎಂದರು ಮಾಸ್ತರು. ಹಾಗೆಂದರೇನು ಎಂದರು ಹಕೀಮರು. ಮಾಸ್ತರು ಕೈಕಾಲು ಆಡಿಸಿ ತೋರಿಸಿದರು. "ಹಲಗಿ ಬಡದಾಗ ನಮ್ಮ ಹುಡುಗೂರು ಇದಕಿಂತ ಛಲೋ ಕುಣೀತಾರ" ಎಂದು ಎಣ್ಣೆಯ ವ್ಯಾಪಾರದವರು ವಿಷಯ ಮುಗಿಸಿದರು.

ಆ ಹೆಸರನ್ನು ಲೋಕಕ್ಕೆ ಹಂಚಿದವನೂ ಒಬ್ಬ ಬಾನುಲಿ ನಿರೂಪಕನೇ ಎಂಬುದನ್ನು ನಾನು ಓದಿ ತಿಳಿದದ್ದು ಬಹಳ ತಡವಾಗಿ. ಆಲನ್ ಫ್ರೀಡ್ ಹುಟ್ಟಿದ್ದು ೧೯೨೧ರಲ್ಲಿ. ೧೯೫೧ರಲ್ಲಿ ಆತ ಕ್ಲೀವ್‌ಲ್ಯಾಂಡ್ ನಗರದ ನಿಲಯವೊಂದರಲ್ಲಿ ರಾತ್ರಿಯ ಪಾಳಿಯವ. ಲಿಯೋ ಮಿಂಟ್ಸ್ ಎಂಬ ತಟ್ಟೆ ಅಂಗಡಿಯವ, ನೀಗ್ರೋ ಗಾಯಕರ ತಟ್ಟೆಗಳನ್ನು ಬಿಳಿಯ ಹುಡುಗರೂ ಕೊಳ್ಳುತ್ತಿರುವುದನ್ನು ಕಂಡು, ಅವನ್ನು ರೇಡಿಯೋದಲ್ಲಿ ಹಾಕೆಂದು ಫ್ರೀಡನ ಬೆನ್ನು ಹತ್ತಿದ. ಕರಿಯರ ಸಂಗೀತ ಕರಿಯರ ನಿಲಯಗಳಿಗೆ, ಬಿಳಿಯರದು ಬಿಳಿಯರಿಗೆ ಎಂಬ ಬೇಲಿ ಗಟ್ಟಿಯಾಗಿದ್ದ ಕಾಲ. ಫ್ರೀಡ್ ಬೇಲಿಯನ್ನು ಲಕ್ಷಿಸದೆ ಹಾಕಿದ. ಹಾಡು ಓಡುತ್ತಿರುವಾಗಲೇ ಟೆಲಿಫೋನ್ ಡೈರೆಕ್ಟರಿಯ ಮೇಲೆ ತಾಳ ಬಡಿದು ಕೂಗಾಡಿದ. ಆ ಸಂಗೀತವನ್ನು 'ರಾಕ್ ಅಂಡ್ ರೋಲ್' ಎಂದು ಕರೆದು ಆ ಮಾತನ್ನು ಮನೆಮಾತು ಮಾಡಿದ. ೧೯೫೨ರ ಮಾರ್ಚ್ ೨೧ರಂದು ಅವನು ಏರ್ಪಡಿಸಿದ ಕುಣಿತಕ್ಕೆ, ಸಭಾಂಗಣ ಹಿಡಿಯಲಾರದಷ್ಟು ಜನ ನುಗ್ಗಿ, ಪೊಲೀಸರು ನಿಲ್ಲಿಸಬೇಕಾಯಿತು. ಅದೇ ವರ್ಷದ ಡಿಸೆಂಬರಿನಲ್ಲಿ ನಮ್ಮ ಬುಧವಾರ ಶುರುವಾದದ್ದು.

ಇಬ್ಬರನ್ನೂ ಒಂದೇ ತಕ್ಕಡಿಯಲ್ಲಿ ಇಡಬಾರದು. ಫ್ರೀಡ್ ಗದ್ದಲಗಾರ; ಸಯಾನಿ ಸೌಮ್ಯ. ಫ್ರೀಡ್ ೧೯೫೪ರಲ್ಲಿ ನ್ಯೂಯಾರ್ಕಿಗೆ ಹೋಗಿ ಮೇಲೇರಿದ. ತಟ್ಟೆ ಕಂಪನಿಗಳಿಂದ ಹಣ ಪಡೆದು ಹಾಡು ಹಾಕಿದ ಹಗರಣದಲ್ಲಿ ೧೯೫೯ರಲ್ಲಿ ಕೆಲಸ ಕಳೆದುಕೊಂಡ. ೧೯೬೨ರಲ್ಲಿ ತಪ್ಪೊಪ್ಪಿಕೊಂಡು ೩೦೦ ಡಾಲರ್ ದಂಡ ತೆತ್ತ. ೧೯೬೫ರ ಜನವರ���ಯಲ್ಲಿ, ನಲವತ್ತಮೂರರ ಹರೆಯದಲ್ಲಿ ತೀರಿಕೊಂಡ. ಸಯಾನಿಯವರು ನಾಲ್ಕು ದಶಕ ಒಂದೇ ಗಾದಿಯ ಮೇಲೆ ಕೂತರು. ಆದರೂ ಇಬ್ಬರೂ ಕೇಳುವವನ ಭುಜದ ಮೇಲೆ ಕೈಹಾಕಿ ಮಾತನಾಡಿದವರು. ಅಲ್ಲಿಯ ಬೇಲಿ ಬಣ್ಣದ್ದು. ಇಲ್ಲಿಯದು ನಮ್ಮ ತಂದೆ ದಿನವೂ ದಾಟಿ ಕಚೇರಿಗೆ ಹೋಗುತ್ತಿದ್ದ ಬೇಲಿ.

ಹಾಡಿಗೆ ಸ್ಥಾನ ಕೊಡುವಾಗ ಸಯಾನಿಯವರು 'ಪಾಯ್‌ದಾನ್' ಎನ್ನುತ್ತಿದ್ದರು. ಏಣಿಯ ಮೆಟ್ಟಿಲೆಂಬ ಅರ್ಥದಲ್ಲಿ. ಎತ್ತರಕ್ಕೇರಿ ಗೆದ್ದ ಹಾಡಿಗೆ 'ಸರ್‌ತಾಜ್'. ಫಾರಸಿಯಿಂದ ಬಂದ ಈ ಪದಗಳನ್ನು ನಮ್ಮ ತಂದೆ ದರ್ಬಾರಿನ ಪುಸ್ತಕಗಳಲ್ಲಿ ಓದಿದ್ದವರು. ಅವನ್ನು ಸಿನಿಮಾ ಹಾಡಿನ ಕೊರಳಿಗೆ ಕಟ್ಟಿದ್ದನ್ನು ಕೇಳಿ ಮೊದಲ ಸಲ ಗಟ್ಟಿಯಾಗಿ ನಕ್ಕರು. ಎಣ್ಣೆಯ ವ್ಯಾಪಾರದವರಿಗೆ ಕನ್ನಡದಲ್ಲಿ ಬಿಡಿಸಿ ಹೇಳಿದರು. ಭಯಪಡಿಸಲು ಬಂದ ಮಾತು ನಗಿಸಲು ಬಂದರೆ ಆಗುವ ಹಗುರವನ್ನು ನಾನು ಆ ಮುಖದಲ್ಲಿ ನೋಡಿದೆ. ಪಕ್ಕದಲ್ಲಿ ಹಕೀಮರು ಕೂತಿದ್ದರು. ೧೯೪೮ರ ನಂತರ ಆ ಇಬ್ಬರು ಒಂದು ಕಟ್ಟೆಯ ಮೇಲೆ ಕೂತು ನಕ್ಕದ್ದು ಬುಧವಾರಗಳಲ್ಲೇ ಎಂದು ಅವ್ವ ಹೇಳುತ್ತಿದ್ದಳು.

ಇದರಲ್ಲಿ ಕನ್ನಡಕ್ಕೆ ನಷ್ಟವಾಗಲಿಲ್ಲವೇ ಎಂದು ಯಾರಾದರೂ ಕೇಳಬಹುದು. ನ್ಯಾಯವಾದ ಪ್ರಶ್ನೆ. ಕನ್ನಡಿಗರ ಬಾನುಲಿಯ ಇತಿಹಾಸ ಸಯಾನಿಯವರಿಗಿಂತ ಹಿರಿದು. ಮೈಸೂರಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರು ೧೯೩೫ರ ಸೆಪ್ಟೆಂಬರಿನಲ್ಲಿ ತಮ್ಮ ಮನೆಯಲ್ಲೇ ಪುಟ್ಟ ನಿಲಯ ಹೂಡಿ ಅದಕ್ಕೆ 'ಆಕಾಶವಾಣಿ' ಎಂಬ ಹೆಸರಿಟ್ಟರು. ಆ ಹೆಸರು ಮುಂದೆ ಇಡೀ ದೇಶದ ಪ್ರಸಾರಕ್ಕೆ ಬಂತು. ಆದರೆ ಆ ದನಿ ನಮ್ಮ ಗುಡ್ಡಗಳನ್ನು ಮುಟ್ಟುವಂಥದಲ್ಲ. ನಮ್ಮ ಪಾಲಿಗೆ ಆಗ ಇದ್ದದ್ದು ಹೈದರಾಬಾದಿನ ದಖ್ಖನ್ ರೇಡಿಯೋ. ೧೯೫೦ರಲ್ಲಿ ಅದು ಆಕಾಶವಾಣಿಗೆ ಸೇರಿತು. ಅದೇ ವರ್ಷ ಧಾರವಾಡ ನಿಲಯ ಬಂತು. ಗುಲ್ಬರ್ಗಾದಲ್ಲಿ ನಿಲಯವಾಗಲು ೧೯೬೬ ಬರಬೇಕಾಯಿತು. ಅಷ್ಟರವರೆಗೆ ನಮ್ಮ ಆಡುಮಾತು ರೇಡಿಯೋದಿಂದ ಕೇಳಿಬಂದೀತೆಂದು ನಾವು ಎಣಿಸಿರಲೇ ಇಲ್ಲ. ಅದು ನಷ್ಟವೇ. ಅದರ ಹೊಣೆಯನ್ನು ಬುಧವಾರದ ಮೇಲೆ ಹೊರಿಸಲು ಮಾತ್ರ ನಾನು ಒಪ್ಪಲಾರೆ.

ಅಲ್ಲದೆ ಬೆರಕೆ ನಮಗೆ ಹೊಸದಲ್ಲ. ಸುರಪುರದ ಸೀಮೆಯಲ್ಲೇ, ಕೃಷ್ಣೆಯ ದಂಡೆಯ ತಿಂಥಣಿಯಲ್ಲಿ, ಮೌನೇಶ್ವರನ ಗದ್ದುಗೆಯಿದೆ. ಅಲ್ಲಿಯ ಭಕ್ತರು ಒಂದೇ ಉಸಿರಿನಲ್ಲಿ ಪೀರರನ್ನೂ ಮಹಾದೇವನನ್ನೂ ಕೂಗುತ್ತಾರೆ. ಮೊಹರಮ್ಮಿನಲ್ಲಿ ಕರ್ಬಲಾದ ಕತೆಯನ್ನು ಅಚ್ಚ ಕನ್ನಡದ ರಿವಾಯತ್ ಪದಗಳಲ್ಲಿ ಹಾಡಿ ಹೆಜ್ಜೆ ಹಾಕುವವರು ನಮ್ಮ ಹಳ್ಳಿಗಳ ಒಕ್ಕಲುಮಕ್ಕಳು. ಹಿಂದೂಸ್ತಾನಿಯನ್ನು ಪ್ರೀತಿಯಿಂದ ಆಡುವವನೊಬ್ಬ ಬಂದಾಗ ಈ ನೆಲಕ್ಕೆ ಅವನನ್ನು ಗುರುತು ಹಿಡಿಯುವುದು ಕಷ್ಟವಾಗಲಿಲ್ಲ.

ಮುಂದಿನದನ್ನು ಬೇಗ ಹೇಳಿಬಿಡುತ್ತೇನೆ. ೧೯೫೭ರ ಅಕ್ಟೋಬರ್ ೩ರಂದು ಆಕಾಶವಾಣಿ ತನ್ನ ಹಟ ಬಿಟ್ಟು 'ವಿವಿಧ ಭಾರತಿ'ಯನ್ನು ತೆರೆಯಿತು. ಟ್ರಾನ್ಸಿಸ್ಟರ್ ಬಂತು, ರೇಡಿಯೋ ಕಟ್ಟೆಯಿಂದ ಎದ್ದು ಹೊಲಕ್ಕೆ, ಎತ್ತಿನ ಬಂಡಿಗೆ ಹೋಯಿತು. ಒಟ್ಟಿಗೆ ಕೂತು ಕೇಳುವುದು ಕಡಿಮೆಯಾಯಿತು. ಗೀತಮಾಲಾ ೧೯೮೮ರವರೆಗೆ ಸಿಲೋನಿನಲ್ಲಿ, ಆಮೇಲೆ ಕೆಲವು ವರ್ಷ ವಿವಿಧ ಭಾರತಿಯಲ್ಲಿ ನಡೆದು ೧೯೯೪ರಲ್ಲಿ ನಿಂತಿತು. ೨೦೦೯ರಲ್ಲಿ ಸಯಾನಿಯವರಿಗೆ ಪದ್ಮಶ್ರೀ ಬಂತು. ನಮ್ಮ ತಂದೆ ಅಷ್ಟರಲ್ಲಿ ಇರಲಿಲ್ಲ.

ಅವರ ಟ್ರಂಕಿನಲ್ಲಿ ಒಂದು ಉದ್ದನೆಯ ಕಿರ್ದಿ ಪುಸ್ತಕವಿತ್ತು. ತುಂಬ ಉರ್ದು. ಹಳೆಯ ದಫ್ತರದ ಲೆಕ್ಕವಿರಬೇಕೆಂದು ನಾನು ಅದನ್ನು ಬಿಚ್ಚಿರಲಿಲ್ಲ; ಬಿಚ್ಚಿದರೂ ಓದಲು ಬರುತ್ತಿರಲಿಲ್ಲ. ಒತ್ತಕ್ಷರ ಕಲಿಯಲು ಅವರು ನನ್ನ ಪಕ್ಕ ಕೂತರು. ಅಲಿಫ್-ಬೇ ಕಲಿಯಲು ನಾನು ಅವರ ಪಕ್ಕ ಕೂರಲಿಲ್ಲ. ಸಯಾನಿಯವರು ತೀರಿಕೊಂಡ ಸುದ್ದಿ ಓದಿದ ವಾರ ಅದನ್ನು ಎತ್ತಿಕೊಂಡು ರಂಗಂಪೇಟೆಗೆ, ನಿವೃತ್ತರಾದ ಉರ್ದು ಮಾಸ್ತರೊಬ್ಬರ ಮನೆಗೆ ಹೋದೆ. ಅವರು ಕನ್ನಡಕ ಏರಿಸಿ ಮೊದಲ ಪುಟ ನೋಡಿದರು, ಎರಡನೆಯದು ನೋಡಿದರು, ನಗತೊಡಗಿದರು. "ಹಾಡಿನ ಪಟ್ಟಿ ಅದಾವ್ರಿ" ಎಂದರು. "ಎಂಥಾ ಖತ್ತು! ಮುತ್ತು ಪೋಣಿಸಿಟ್ಟಂಗ."

ಬುಧವಾರಕ್ಕೊಂದು ಪುಟ. ಮೇಲೆ ತಾರೀಖು, ಕೆಳಗೆ ಹಾಡು, ಚಿತ್ರ, ಹಾಡಿದವರು, ಮೆಟ್ಟಿಲಿನ ಅಂಕಿ. ಅಂಚಿನಲ್ಲಿ ಅಲ್ಲಲ್ಲಿ ಬ್ಯಾಟರಿಯ ವರ್ಗಣಿ ಎಂಟಾಣೆ. ಒಂದು ಪುಟದಲ್ಲಿ "ಮಳೆ, ಆವಾಜ್ ಬರಲಿಲ್ಲ" ಎಂದಷ್ಟೇ ಇತ್ತು. ನನಗೊಂದು ತಾರೀಖು ಹೊಳೆಯಿತು. ೧೯೫೬ರ ನವೆಂಬರ್ ೧ ಗುರುವಾರ. ಹೈದರಾಬಾದ್ ರಾಜ್ಯದ ಕೊನೆಯ ರಾತ್ರಿ ಹಾಗಾದರೆ ಬುಧವಾರ. ಮಾಸ್ತರು ಹಿಂದೆ ಮುಂದೆ ತಿರುವಿ ಆ ಪುಟವನ್ನು ಹುಡುಕಿದರು. ೩೧ ಅಕ್ಟೋಬರ್. ಹಾಡುಗಳ ಪಟ್ಟಿ ಎಂದಿನಂತೆ ಇತ್ತು. ಬೇರೆ ಒಂದು ಮಾತೂ ಇರಲಿಲ್ಲ. ಮುಂದಿನ ಪುಟ ತಿರುವಿದರು. ೭ ನವೆಂಬರ್. ಅದೇ ಮಸಿ, ಅದೇ ಕೈ, ಬಲದಿಂದ ಎಡಕ್ಕೆ.